ಅರ್ಧ ಆನೆಯ ಮುಂದಿನ ಶನಿವಾರ

ಕೆಲಗೇರಿ ದಂಡೆ, ಧಾರವಾಡ
ಕ್ರಿ.ಶ. ೨೧೭೧, ಹದಿಮೂರನೆಯ ತಿಂಗಳು, ಎರಡನೆಯ ಶನಿವಾರ

ನನ್ನ ಅಜ್ಜಿಯ ಅಜ್ಜಿ ಅಕ್ಷತಾಗೆ ದಾಕ್ಷಾಯಣಿಯ ಶರಣು.

ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಉದ್ದವಾದ ಮೇಲೆ ನಾವು ಬಿಸಿಲಿಗೆಂದೇ ಒಂದು ತಿಂಗಳು ಬೇರೆ ಇಟ್ಟುಕೊಂಡಿದ್ದೇವೆ. ನಿನ್ನನ್ನು ಹೇಗೆ ಕರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ನೀನು ನನ್ನ ಅಜ್ಜಿಗೇ ಅಜ್ಜಿ. ಆದರೆ ಈ ಕಾಗದ ಕೈಗೆ ಸಿಗುವಾಗ ನಿನಗೆ ಇಪ್ಪತ್ತೊಂಬತ್ತು, ಬರೆಯುತ್ತಿರುವ ನನಗೆ ಎಪ್ಪತ್ತೆರಡು. ನಮ್ಮ ಮನೆಯಲ್ಲಿ ಅಜ್ಜಿಗೂ 'ನೀ', ಮೊಮ್ಮಗಳಿಗೂ 'ನೀ'. ಎರಡೂ ಲೆಕ್ಕದಲ್ಲಿ ನಿನಗದು ಸಲ್ಲುತ್ತದೆ ಎಂದುಕೊಂಡು ಹಾಗೇ ಬರೆಯುತ್ತಿದ್ದೇನೆ. ಮಾತು ಎಲ್ಲಾದರೂ ತೊಡಕಾದರೆ ಮನ್ನಿಸು. ಈಗ ಕೈಯಿಂದ ಬರೆಯುವವರು ಕಡಿಮೆ, ಕಲಿಸುವವರು ಇನ್ನೂ ಕಡಿಮೆ. ನಾನು ಅಕ್ಷರ ಕಲಿತದ್ದು ನಿನ್ನ ನೋಟುಬುಕ್ಕಿನ ಮೇಲೆ ತೆಳುಹಾಳೆಯಿಟ್ಟು ತಿದ್ದಿ.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ, ಹಿಂದಿನವರಿಗೆ ಬರೆಯುವ ಓಲೆ. ವರ್ಷಕ್ಕೊಮ್ಮೆ ಓಣಿಯವರೆಲ್ಲ ಬರೆದು ಕೆರೆಯ ದಂಡೆಯ ಮಣ್ಣಿನ ಗಡಿಗೆಯಲ್ಲಿ ಹಾಕುತ್ತೇವೆ. ಅದು ತಲುಪುತ್ತದೋ ಇಲ್ಲವೋ ಯಾರೂ ಕಂಡಿಲ್ಲ. ಇಷ್ಟು ವರ್ಷ ನಾನು ಹವಾಮಾನ, ಮಕ್ಕಳ ಮದುವೆ, ಇಂಥದ್ದೇ ಬರೆದು ಹಾಕಿದೆ. ಈ ವರ್ಷ ಮಾತ್ರ ಕೇಳುವುದಿದೆ.

ಮೊದಲು ನಮ್ಮ ದಿನಗಳ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗಲಿಕ್ಕಿಲ್ಲ. ನಿಮಗೆ ವಾರಕ್ಕೆ ಎರಡು ದಿನ ರಜೆ, ಅದೂ ಸಿಕ್ಕರೆ. ನಮಗೆ ನಾಲ್ಕು ದಿನ. ಉಳಿದ ಮೂರು ದಿನದ ಕೆಲಸದಲ್ಲೂ ಅರ್ಧವನ್ನು ಯಂತ್ರಗಳೇ ಮಾಡುತ್ತವೆ. ಸ್ವರ್ಗವೆಂದು ಹೊಟ್ಟೆಕಿಚ್ಚು ಪಡಬೇಡ. ನನ್ನ ತಾಯಿಯ ಕಾಲಕ್ಕೆ ಜನರಿಗೆ ಬಿಡುಬೇನೆ ಎಂಬ ರೋಗ ಹತ್ತಿತು. ಜ್ವರವಿಲ್ಲ, ನೋವಿಲ್ಲ, ಎದ್ದು ಮುಖ ತೊಳೆಯಲೂ ಕಾರಣ ಸಿಗುವುದಿಲ್ಲ. ಅದಕ್ಕೆ ಓಣಿಯವರು ಕಂಡುಕೊಂಡ ಔಷಧ ಕೈಹೊತ್ತು. ಶನಿವಾರ ಬಿಸಿಲು ಇಳಿದ ಮೇಲೆ ಒಂದು ತಾಸು ಎಲ್ಲರೂ ಕಟ್ಟೆಗೆ ಬಂದು ಕೈಯಲ್ಲಿ ಹಗುರವಾದದ್ದೊಂದು ಹಿಡಿದು ಕೂಡಬೇಕು. ಒಬ್ಬರು ಶಾವಿಗೆ ಹೊಸೆಯುತ್ತಾರೆ, ಒಬ್ಬರು ಹರಿದ ಕೊಡೆಗೆ ಹೊಲಿಗೆ ಹಾಕುತ್ತಾರೆ, ಪಕ್ಕದ ಮನೆಯ ಇನಾಯತ ಓಣಿಯ ಕತ್ತರಿಗಳನ್ನೆಲ್ಲ ಮಸೆದು ಕೊಡುತ್ತಾನೆ. ಸೊಂಟ ನೋವಾದರೆ ಅಲ್ಲಿಗೇ ಬಿಡಬೇಕು. ಒಂದೇ ದಿನಕ್ಕೆ ಮುಗಿಸಬೇಕೆಂದು ಹಟ ಹಿಡಿದವರನ್ನು ಎಬ್ಬಿಸಿ ಚಹಾ ಮಾಡಲು ಕಳಿಸುತ್ತಾರೆ. ಮಾಡಿದ್ದು ಯಾರಿಗಾದರೂ ಬೇಕಾಗಿರಬೇಕು, ಅಷ್ಟೇ.

ನನ್ನ ಕೈಯ ಕೆಲಸ ಕಸೂತಿ, ನಿನ್ನ ನೋಟುಬುಕ್ಕಿನಿಂದ ಬಂದದ್ದು. ಏಳು ಶನಿವಾರ ನೀನು ನಿನ್ನ ಅತ್ತೆ ನಿಂಬೆವ್ವನ ಬಾಜೂಕ ಕೂತು, ಆಕೆ ಎಳೆ ಎಣಿಸಿ ಹೇಳಿದ್ದನ್ನು ಚೌಕುಳಿ ಹಾಳೆಯ ಮೇಲೆ ಗೆರೆಯೆಳೆದು ಇಳಿಸಿದ್ದೀ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು, ಗಂಟು ಹಾಕಬಾರದು ಎಂದು ಬದಿಗೆ ಬರೆದಿದ್ದೀ. ತುಳಸಿಕಟ್ಟೆ ಇದೆ, ನವಿಲಿದೆ. ಕೊನೆಗೆ ಅಂಬಾರಿ ಆನೆ. ಸೊಂಡಿಲು, ಕಿವಿ, ಮುಂದಿನ ಎರಡು ಕಾಲು, ಅಂಬಾರಿಯ ಮುಂಗಂಬ, ಅಲ್ಲಿಗೆ ಹಾಳೆ ಮುಗಿಯುತ್ತದೆ. ಕೆಳಗೆ ನಿನ್ನ ಕೈಯಲ್ಲಿ, 'ಉಳಿದದ್ದು ಮುಂದಿನ ಶನಿವಾರ.' ಮುಂದಿನ ಪುಟದಲ್ಲಿ ನೀರಿನ ಟ್ಯಾಂಕು ತೊಳೆಸುವುದು, ಮಗಳ ಯೂನಿಫಾರ್ಮಿಗೆ ಗುಂಡಿ, ಗ್ಯಾಸ್ ಬುಕಿಂಗ್. ಆಮೇಲಿನ ಹಾಳೆಗಳೆಲ್ಲ ಖಾಲಿ.

ನಿನ್ನ ಮಗಳು ಆ ಹಾಳೆಯನ್ನೇ ನೋಡಿಕೊಂಡು ತನ್ನ ಕೂಸಿನ ಕುಂಚಿಗೆಗೆ ಅರ್ಧ ಆನೆ ಹಾಕಿದಳು. ಕುಂಚಿಗೆ ನಿನಗೆ ಗೊತ್ತಲ್ಲ, ಕೂಸಿನ ತಲೆಯಿಂದ ಬೆನ್ನಿಗಿಳಿಯುವ ಟೋಪಿ. ಆ ಕೂಸು ದೊಡ್ಡದಾಗಿ ತನ್ನ ಕೂಸಿಗೂ ಅರ್ಧವನ್ನೇ ಹಾಕಿತು. ನಾನು ಹುಟ್ಟುವ ಹೊತ್ತಿಗೆ ಅದು ನಮ್ಮ ಮನೆತನದ ಪದ್ಧತಿಯೇ ಆಗಿಹೋಗಿತ್ತು. ಉಳಿದರ್ಧ ಗುಡ್ಡದ ಮರೆಗಿದೆ ಎಂದು ನನ್ನ ಅವ್ವ ನಂಬಿದ್ದಳು. ಇನಾಯತ ಪ್ರತಿ ಶನಿವಾರ ಕೆಣಕುತ್ತಾನೆ, "ಏನ್ ಯಕ್ಕಾ, ನಿಮ್ಮ ಆನಿ ಇನ್ನೂ ಬಾಗಲಾ ದಾಟಿಲ್ಲೇನು?" "ಬಾಗಲಾ ಸಣ್ಣದೈತೋ, ನಿನ್ನ ಕತ್ತರಿ ತಂದು ಅಗಲ ಮಾಡು" ಎಂದು ನಾನೂ ಬಿಡುವುದಿಲ್ಲ.

ಈಗ ನನ್ನ ಮೊಮ್ಮಗಳು ತುಂಗಾ ಬಸುರಿ, ಎಂಟನೆಯ ತಿಂಗಳು. ನನ್ನ ಕಣ್ಣು ಮಸುಕಾಗುತ್ತಿದೆ. ಎಳೆ ಎಣಿಸಿ ಹಾಕುವ ಕುಂಚಿಗೆ ಇದೇ ಕೊನೆಯದು, ತೊಟ್ಟಿಲಿಗೆ ಹಾಕುವ ದಿನಕ್ಕೆ ಮುಗಿಯಬೇಕು. ಹೋದ ವಾರ ಅವಳು ಎದುರಿಗೆ ಕೂತು ಹೇಳಿದಳು, "ಅಜ್ಜಿ, ಎಲ್ಲಾರಿಗೂ ಅರ್ಧಾ ಆನಿ ಕೊಟ್ಟು ಕಳಿಸೀದಿ. ನನ್ನ ಕೂಸಿಗೆ ಪೂರಾ ಬೇಕು. ಎರಡ ಕಾಲಾಗ ಅದು ಎಲ್ಲಿಗಂತ ನಡದೀತು?"

ನಗೆಯಲ್ಲಿ ಹೇಳಿದರೂ ಅವಳ ಕಣ್ಣಲ್ಲಿ ನೀರಿತ್ತು. ಮೊದಲ ಬಸಿರು ನಿಂತಿರಲಿಲ್ಲ ಅವಳಿಗೆ. ಅರ್ಧಕ್ಕೆ ನಿಂತದ್ದು ಯಾವುದನ್ನೂ ಈಗ ಸಹಿಸಲಾರಳು. ಯಂತ್ರವನ್ನು ಕೇಳಿದೆವು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನಲವತ್ತು ಆನೆ ಬರೆದುಕೊಟ್ಟಿತು. ತುಂಗಾ ಒಂದೊಂದನ್ನೂ ನೋಡಿ, "ಚಂದ ಅದಾವ. ಆದ್ರ ಇವು ಯಾವೂ ನಿಂಬೆವ್ವನ್ನ ನೋಡಿಲ್ಲ" ಎಂದು ಪಕ್ಕಕ್ಕಿಟ್ಟಳು. ಆ ಅಂಬಾರಿಯಲ್ಲಿ ಯಾರು ಕೂತಿದ್ದರು? ರಾಣಿಯೋ, ದೇವರೋ, ನಿಂಬೆವ್ವನ ತವರಿನವರೋ? ಆಕೆಯೊಬ್ಬಳಿಗೆ ಗೊತ್ತಿತ್ತು.

ಬೈಯಲು ಬರೆದದ್ದಲ್ಲ, ಅಕ್ಷತಾ. ನೋಟುಬುಕ್ಕಿನ ಮೊದಲ ಪುಟ ನೋಡಿದ್ದೇನೆ. ರಜೆಯ ಎರಡು ದಿನಕ್ಕೆ ಹದಿನಾಲ್ಕು ಕೆಲಸ ಬರೆದುಕೊಂಡಿದ್ದೀ. ವಾಕಿಂಗ್, ಇಂಗ್ಲಿಷ್ ಕ್ಲಾಸು, ಟೆರೇಸಿನ ಮೇಲೆ ಗಿಡ, ಉಪ್ಪಿನಕಾಯಿ, ಕಪಾಟು ಜೋಡಿಸುವುದು. ಕಸೂತಿ ಹನ್ನೆರಡನೆಯದು. ವಾರವಿಡೀ ಆಫೀಸಿನಲ್ಲಿ ದುಡಿದವಳು ಹದಿನಾಲ್ಕು ಮಾಡಲಾರಳು. ಹದಿನಾಲ್ಕೂ ಆಗಲಿಲ್ಲವಲ್ಲ ಎಂದು ಭಾನುವಾರ ಸಂಜೆ ನೀನು ಎಷ್ಟು ಬೇಜಾರು ಮಾಡಿಕೊಂಡೆಯೋ. ಹದಿಮೂರನ್ನು ಹೊಡೆದು ಹಾಕು, ಕಸೂತಿಯೊಂದನ್ನು ಉಳಿಸಿಕೋ. ಕಪಾಟು ಹಾಗೇ ಇರಲಿ, ಅದು ಕಾಯುತ್ತದೆ. ನಿಂಬೆವ್ವನಿಗೆ ಎಷ್ಟು ಶನಿವಾರ ಉಳಿದಿವೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಮಾತ್ರ ಈ ಕಾಗದದಲ್ಲಿ ಬರೆಯಲಾರೆ.

ಇದನ್ನು ಕೇಳಲು ನಾನು ಎರಡು ದಿನ ಹಿಂದೆಮುಂದೆ ನೋಡಿದೆ. ನೀನು ನಿಂಬೆವ್ವನ ಬಳಿ ಕೂತು ಆನೆಯನ್ನು ಪೂರ್ತಿ ಇಳಿಸಿಕೊಂಡರೆ ಅರ್ಧ ಆನೆ ಎಂಬುದು ಇರುವುದೇ ಇಲ್ಲ. ಅವ್ವನ ಗುಡ್ಡ ಇರುವುದಿಲ್ಲ, ಇನಾಯತನಿಗೆ ಕೆಣಕಲು ಏನೂ ಉಳಿಯುವುದಿಲ್ಲ, ನಾವು ನಾಲ್ಕು ತಲೆಮಾರು ಹೆಣ್ಣುಮಕ್ಕಳು ಆ ಅರ್ಧದ ಮೇಲೆ ಬಗ್ಗಿ ನಕ್ಕ ನಗೆಯೂ ಹೋಗುತ್ತದೆ. ನನಗೆ ಅದರ ನೆನಪೂ ಇರಲಿಕ್ಕಿಲ್ಲ. ಹೋಗಲಿ. ತುಂಗಾ ಪೂರಾ ಆನೆಯ ಮೇಲೆ ಕೈಯಾಡಿಸುವುದನ್ನು ನೋಡಬೇಕು ನನಗೆ.

ಕಾಗದ ತಲುಪದಿದ್ದರೂ ನಾವು ಕೈಕಟ್ಟಿ ಕೂಡುವುದಿಲ್ಲ. ಬರುವ ಶನಿವಾರದಿಂದ ಅವಳು ಎಳೆ ಎಣಿಸುತ್ತಾಳೆ, ನಾನು ಸೂಜಿ ಹಾಕುತ್ತೇನೆ. ಹಿಂಗಾಲು ಸೊಟ್ಟಗಾದೀತು, ಅಂಬಾರಿಯಲ್ಲಿ ತುಂಗಾ ತನಗೆ ಬೇಕಾದವರನ್ನು ಕೂಡಿಸಿಯಾಳು. ಕೂಸಿಗೆ ಅದು ಸಾಕು.

ಆದರೆ ತಲುಪಿದರೆ, ಇದನ್ನು ಓದುತ್ತಿರುವುದು ಶನಿವಾರವೇ ಆಗಿದ್ದರೆ, ನಿನ್ನ ಅತ್ತೆ ನಡುಮನೆಯಲ್ಲಿ ಕನ್ನಡಕ ಒರೆಸಿಕೊಂಡು ಕೂತಿರುತ್ತಾಳೆ. ನೀನು ಬರುವೆಯೆಂದು ಬಾಯಿಬಿಟ್ಟು ಹೇಳುವವಳಲ್ಲ ಆಕೆ. ಒಂದೇ ತಾಸು. ಫೋನು ಅಲ್ಲೇ ಇಟ್ಟು ಹೋಗು, ನನ್ನವ್ವ. ಆನೆಯ ಮೇಲೆ ಯಾರು ಕೂತಿದ್ದಾರೆಂದು ಕೇಳು.