ಏಳು ದಿನದ ಮಾತು

22-7-2001, ರವಿವಾರ. ಗೊಳಸಂಗಿ

ಎಮ್ಮೆ ಮೂರು ಲೀಟರ್. ಬೇರೆಯವರು ಹಿಂಡಲು ಕುಳಿತರೆ ಒದೆಯುತ್ತದೆ, ನಾನು ಕುಳಿತರೆ ಕಲ್ಲಿನಂತೆ ನಿಲ್ಲುತ್ತದೆ. ದನಕ್ಕೂ ಮನುಷ್ಯರ ಗುರುತು ಇರುತ್ತದೆ.

ಕನ್ನೊಳ್ಳಿಗೆ ಹೋಗಿ ಭಾಗ್ಯಜ್ಯೋತಿಯನ್ನು ಪಂಚಮಿಗೆ ಕರೆತಂದೆ. ಅಣ್ಣ ತೀರಿದ ಮೇಲೆ ಅವನ ಮಗಳನ್ನು ಹಬ್ಬಕ್ಕೆ ಕರೆತರುವ ಕೆಲಸ ನನ್ನದು. ಒಂದು ವರ್ಷವೂ ತಪ್ಪಿಲ್ಲ. ಅವಳ ಅತ್ತೆ ಲಕ್ಕವ್ವ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದಳು. ‘ಎರಡೂ ಹೆಣ್ಣಾದವು’ ಎಂಬ ಮಾತನ್ನು ಮಾತ್ರ ಎರಡು ಸಲ ಹಾಕಿದಳು. ಚಹಾ ಬಹಳ ಸಿಹಿ ಎಂದು ಹೊಗಳಿ ಎದ್ದೆ.

ಬಸ್ಸು ಬರುವಾಗ ಭಾಗ್ಯಾ, ಒಂದು ಸಾಮಾನು ಒಳಗೆ ಉಳಿದಿದೆ, ಎರಡು ಮಿನಿಟು ನಿಲ್ಲು ಎಂದಳು. ಹೆಂಗಸರ ಎರಡು ಮಿನಿಟು ನನಗೆ ಗೊತ್ತಿಲ್ಲವೇ. ದೊಡ್ಡ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಚೀಲ ಹಿಡಿದು, ರಸ್ತೆಯ ನಡುವೆ ಬಸ್ಸಿಗೆ ಅಡ್ಡ ನಿಂತೆ. ಬ್ರೇಕು ಹೊಡೆದ. ನನ್ನ ಧೋತರಕ್ಕೂ ಬಂಪರಿಗೂ ನಾಲ್ಕು ಬೆರಳು. ಡ್ರೈವರ್ ಬೈದ, ನಾನೂ ಬೈದೆ — ನನ್ನ ಬೈಗುಳ ಉದ್ದ ಇತ್ತು. ಭಾಗ್ಯಾ ಕೂಸನ್ನು ಎತ್ತಿಕೊಂಡು ಓಡಿ ಬಂದು ಹತ್ತಿದಳು. ಮತ್ತೆ ಮನೆಯೊಳಗೆ ಹೋಗಲು ನಾನು ಬಿಡಲಿಲ್ಲ.

ಐವತ್ತೆರಡು ವಯಸ್ಸು. ಬಸ್ಸು ನಿಲ್ಲುತ್ತದೆ.

24-7, ಮಂಗಳವಾರ. ಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬ. ಬೆಳಿಗ್ಗೆ

ಭಾಗ್ಯಾ ಎರಡು ದಿನದಿಂದ ಕನ್ನೊಳ್ಳಿಗೆ ಬಸ್ಸು ಯಾವಾಗ ಎಂದು ಕೇಳುತ್ತಿದ್ದಳು. ಗಂಡನನ್ನು ಬಿಟ್ಟಿರಲಾರಳು ಎಂದು ಓಣಿಯೆಲ್ಲ ಕೇಳುವಂತೆ ಚೇಷ್ಟೆ ಮಾಡಿದೆ. ಇವತ್ತು ಕೊಟ್ಟಿಗೆಗೆ ಬಂದು, ಬಾಗಿಲ ಹತ್ತಿರ ನಿಂತು ಹೇಳಿದಳು. ಅಂದು ಕನ್ನೊಳ್ಳಿಯಲ್ಲಿ ಉಳಿದದ್ದು ಗುಳಿಗೆಯ ಪಾಕೀಟು. ಬಸಿರು ನಿಲ್ಲದಿರಲು ದಿನಾ ರಾತ್ರಿ ಉಂಡ ಮೇಲೆ ಒಂದು. ಅತ್ತೆಗೆ ಕಾಣಬಾರದೆಂದು ಶ್ಯಾವಿಗೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದು. ಎರಡು ರಾತ್ರಿ ತಪ್ಪಿದೆ.

ಚೇಷ್ಟೆ ಅಲ್ಲಿಗೇ ನಿಂತಿತು.

ಕಳೆದ ನವೆಂಬರ್ ನೆನಪಿದೆ. ಎರಡನೆಯ ಹೆರಿಗೆ. ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ರಕ್ತ ನಿಲ್ಲಲಿಲ್ಲ. ಮೂರು ಬಾಟಲಿ ಏರಿಸಿದರು — ಒಂದು ನನ್ನದು, ಅದಕ್ಕೇ ಬದುಕಿದಳು ಎಂದು ಇಂದಿಗೂ ಹೇಳುತ್ತೇನೆ. ಮೂರು ವರ್ಷ ಬಸಿರಾಗಕೂಡದು, ಹೊಲಿಗೆ ಬಿಚ್ಚಿದರೆ ಇವಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅಲ್ಲೇ ಇದ್ದೆ. ಲಕ್ಕವ್ವನೂ ಇದ್ದಳು. ಅವಳಿಗೆ ಕೇಳಿಸಲಿಲ್ಲ.

ಗುಳಿಗೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ. ಸಂಜೆಯೊಳಗೆ ತರದಿದ್ದರೆ ನನ್ನ ಹೆಸರು ರಾವಸಾಬ ಅಲ್ಲ ಎಂದೆ.

ಅದೇ ದಿನ, ಸಂಜೆ 7

ಬಾಗೇವಾಡಿಯ ಪೇಟೆಯೇ ಹತ್ತಿರ, ಆದರೂ ಮುದ್ದೇಬಿಹಾಳಕ್ಕೆ ಹೋದೆ. ಹೆದರಿ ಅಲ್ಲ. ಬಾಗೇವಾಡಿಯ ಅಂಗಡಿಯವರಿಗೆಲ್ಲ ನನ್ನ ಪರಿಚಯ, ಮದುವೆಯಾಗದ ಗಂಡಸು ಇದನ್ನು ಕೇಳಿದ ಎಂದು... ಹೆದರಿ ಅಲ್ಲ.

ಮುದ್ದೇಬಿಹಾಳದಲ್ಲಿ ಶಹಾಬುದ್ದೀನನ ಔಷಧ ಅಂಗಡಿ. ಮುಲ್ಕಿ ಪರೀಕ್ಷೆಯಲ್ಲಿ ನನ್ನ ಹಿಂದೆ ಕುಳಿತು ನನ್ನ ಲೆಕ್ಕ ನೋಡಿ ಬರೆದವನು. ಅವನು ಪಾಸಾದ, ನಾನೂ ಆದೆ, ನನಗೆ ಮಾರ್ಕು ಹೆಚ್ಚು. ಗುಳಿಗೆ ಕೊಟ್ಟ. ಇವತ್ತಿನಿಂದ ಮತ್ತೆ ದಿನಾ ಒಂದು. ಆಮೇಲೆ ಪೇಪರಿನಲ್ಲಿ ಸುತ್ತಿದ ಇನ್ನೊಂದು ಪೊಟ್ಟಣ ಸರಿಸಿದ. ನಿರೋಧ.

“ಎರಡು ಗುಳಿಗಿ ತಪ್ಪ್ಯಾವ. ಇನ್ನ ಏಳ ದಿನ ಗಂಡನ ಮಗ್ಗಲಾ ಹೋಗಬಾರದು. ಹೋದ್ರ ಇದು ಬೇಕು. ಈ ಮಾತು ಹೇಳದನ ಬರೇ ಗುಳಿಗಿ ಕೊಟ್ಟಿ ಅಂದ್ರ ಅರ್ಧಾ ಔಷಧ ಕೊಟ್ಟಂಗ, ರಾವಸಾಬ.”

ನನಗೇ ಕಲಿಸಲು ಬಂದ. ಹೇಳುತ್ತೇನೆ ಬಿಡು ಎಂದೆ.

ಮನೆಗೆ ಬಂದೆ. ಗುಳಿಗೆ ಕೊಟ್ಟೆ. “ಮತ್ತೇನರ ಹೇಳಿದ್ರೇನು ಕಾಕಾ?” ಎಂದಳು. ಪಕ್ಕದಲ್ಲಿ ವೈನಿ ಗುರವ್ವ — ಅವಳ ತಾಯಿ — ಎಳ್ಳು ಹುರಿಯುತ್ತಿದ್ದಳು. ಏನಿಲ್ಲ ಎಂದೆ. ಅಣ್ಣನ ಮಗಳಿಗೆ ಇದನ್ನು ಹೇಗೆ ಹೇಳುವುದು. ಅಣ್ಣನ ಹೆಂಡತಿಗೆ ಹೇಗೆ ಹೇಳುವುದು. ನಾಳೆ ಯಾವುದಾದರೂ ದಾರಿ ಹುಡುಕುತ್ತೇನೆ.

27-7, ಶುಕ್ರವಾರ

ದಾರಿ ಸಿಗಲಿಲ್ಲ. ಅಳಿಯ ಬಂದ. ಅನಿಲ — ಸಿಂದಗಿಯಲ್ಲಿ ಗುಮಾಸ್ತ, ಒಳ್ಳೆಯವನು, ತಾಯಿಯ ಎದುರು ಮಾತ್ರ ಗಂಟಲು ಕಟ್ಟುತ್ತದೆ. ಎರಡು ದಿನ ಇದ್ದು ಹೆಂಡತಿಯನ್ನು ಕರೆದೊಯ್ಯುತ್ತಾನಂತೆ.

ಹೊಲದಲ್ಲಿ ಹಂದಿ ಕಾಟ, ಮಲಗಲು ಜೊತೆಗೆ ಬಾ ಎಂದು ಕರೆದೆ. ವೈನಿ ನನ್ನನ್ನೇ ಬೈದಳು, ಹಬ್ಬಕ್ಕೆ ಬಂದ ಅಳಿಯನನ್ನು ಹಂದಿ ಕಾಯಲು ಕಳಿಸುವ ಬೀಗರು ಎಲ್ಲಾದರೂ ಇದ್ದಾರೆಯೇ ಎಂದು. ಗಂಡ-ಹೆಂಡತಿಗೆ ಮಾಳಿಗೆಯ ಮೇಲೆ ಹಾಸಿಗೆ ಹಾಕಿಸಿದಳು. ಗಾದಿ ಹೊತ್ತುಕೊಂಡು ಹೋಗಿ ಹಾಕಿದವನು ನಾನೇ.

ಗೂಟಕ್ಕೆ ತೂಗಿದ್ದ ಅವನ ಅಂಗಿಯ ಜೇಬಿಗೆ ಪೊಟ್ಟಣ ಹಾಕಿದೆ. ಮತ್ತೆ ತೆಗೆದೆ. ಲಕ್ಕವ್ವ ಬಟ್ಟೆ ಒಗೆಯುವಾಗ ಸಿಕ್ಕಿದರೆ? ಈಗ ನನ್ನ ಜೇಬಿನಲ್ಲೇ ಇದೆ.

29-7

ಹೋದರು. ಏಳು ದಿನಕ್ಕೆ ಇನ್ನೂ ಎರಡು ಬಾಕಿ. ಒಂದೆರಡು ಗುಳಿಗೆಯಲ್ಲಿ ಏನಾಗುತ್ತದೆ. ಏನೂ ಆಗುವುದಿಲ್ಲ. ನಾನು ಹೇಳುತ್ತೇನೆ, ಏನೂ ಆಗುವುದಿಲ್ಲ.

14-8, ಮಂಗಳವಾರ

ಹಾಜಿಮಲಂಗನ ಎಸ್.ಟಿ.ಡಿ. ಬೂತಿಗೆ ಭಾಗ್ಯಾಳ ಫೋನು. ಗುಳಿಗೆಯ ಪಾಕೀಟು ಮುಗಿದು ಎಂಟು ದಿನ. ಮುಗಿದ ಮೂರು-ನಾಲ್ಕು ದಿನಕ್ಕೆ ಮುಟ್ಟಾಗಬೇಕಿತ್ತು. ಆಗಿಲ್ಲ.

ಅವಳನ್ನು ಕರೆತರಲು ಕನ್ನೊಳ್ಳಿಗೆ ಹೊರಟೆ. ವೈನಿಗೆ ಜ್ವರ ಎಂದು ಲಕ್ಕವ್ವನಿಗೆ ಹೇಳಿದೆ. ಅವಳು ಸೊಸೆಯ ಹೊಟ್ಟೆಯನ್ನೇ ನೋಡಿ ನಕ್ಕಳು. ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತಾಗ ಭಾಗ್ಯಾಳಿಗೆ ಎಲ್ಲಾ ಹೇಳಿದೆ. ಏಳು ದಿನದ ಮಾತು, ಪೊಟ್ಟಣ, ಅಂಗಿಯ ಜೇಬು. ನೆಲ ನೋಡುತ್ತಾ ಹೇಳಿದೆ.

ಭಾಗ್ಯಾ ನನ್ನ ಕಡೆ ತಿರುಗಿದಳು.

“ಓಡೋ ಬಸ್ಸಿಗೆ ಅಡ್ಡ ನಿಂದ್ರತಿ. ಇಷ್ಟ ಮಾತಿಗೆ ಬಾಯಿ ಬರಲಿಲ್ಲೇನು ಕಾಕಾ ನಿನಗ?”

ಯಾವನೂ ನನ್ನನ್ನು ಹೀಗೆ ಬೈದಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

16-8, ಗುರುವಾರ. ಮುದ್ದೇಬಿಹಾಳ

ಲೇಡಿ ಡಾಕ್ಟರ್ ವಿದ್ಯಾವತಿ ಅವರ ದವಾಖಾನೆ. ಬೆಂಚಿನ ತುಂಬ ಬಸುರಿಯರು, ನಡುವೆ ನಾನೊಬ್ಬ ರುಮಾಲು ಸುತ್ತಿದವನು. ಒಬ್ಬಳು ಮುಸಿಮುಸಿ ನಕ್ಕಳು. ಎಷ್ಟನೆಯ ತಿಂಗಳು ಎಂದು ಕೇಳಿದೆ, ನಗು ನಿಂತಿತು. ಇನ್ನು ಮೇಲೆ ನಾಚುವುದಿಲ್ಲ ಎಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ.

ಡಾಕ್ಟರು ನೀವು ಯಾರು ಎಂದರು. “ತಪ್ಪು ಮಾಡಿದಾಂವ ರೀ” ಎಂದೆ. ಎಲ್ಲ ಬಿಚ್ಚಿ ಹೇಳಿದೆ. ಬೈದರು. ಬೈಸಿಕೊಂಡೆ.

ಮೂತ್ರ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೆ ಖಾತ್ರಿ ಇಲ್ಲ, ದಿನ ಇನ್ನೂ ಕಡಿಮೆ. ಗುಳಿಗೆ ತಪ್ಪಿದ್ದರಿಂದಲೂ ಮುಟ್ಟು ಮುಂದೆ ಹೋಗಬಹುದಂತೆ. ಹನ್ನೊಂದು ದಿನ ಬಿಟ್ಟು, 27ಕ್ಕೆ ಮತ್ತೆ ಬರಬೇಕು. ಅಲ್ಲಿಯವರೆಗೆ ಗುಳಿಗೆ ಬೇಡ. ಬಸಿರು ನಿಂತಿದ್ದರೆ ಬೇಗ ತೆಗೆಸಲು ಕಾಯ್ದೆಯಲ್ಲಿ ದಾರಿ ಇದೆ, ಸಹಿ ಅವಳದೊಂದೇ ಸಾಕು, ಗಂಡನದೂ ಬೇಡ, ಅತ್ತೆಯದೂ ಬೇಡ ಎಂದರು. ಮನೆಯಲ್ಲಿ ವಿಚಾರ ಮಾಡಿ ಬಾ ಎಂದು ಅವಳಿಗೆ ಹೇಳಿದರು.

“ನನಗ ಇಬ್ಬರು ಹುಡಿಗ್ಯಾರ್ನ ಬೆಳಸೋದೈತ್ರಿ” ಎಂದಳು ಭಾಗ್ಯಾ. “ಸಾಯಾಕ ಪುರಸೊತ್ತಿಲ್ಲ. ವಿಚಾರ ಆಗೇತಿ.”

ಅಣ್ಣನ ಮಗಳು. ನನ್ನ ಒಂದು ಬಾಟಲಿ ಅವಳಲ್ಲಿ ಇರುವುದು ಸುಳ್ಳಲ್ಲ.

21-8

ಏನೂ ಇಲ್ಲ. ಭಾಗ್ಯಾ ತಾಯಿಗೆ ಎಲ್ಲ ಹೇಳಿದ್ದಾಳೆ. ನಾನು ಕೇಳುವುದಿಲ್ಲ, ವೈನಿಯ ಮುಖ ನೋಡುತ್ತೇನೆ. ವೈನಿ ಇಲ್ಲ ಎಂದು ತಲೆ ಅಲ್ಲಾಡಿಸುತ್ತಾಳೆ. ಎಮ್ಮೆ ಇವತ್ತು ನನ್ನನ್ನೂ ಒದೆಯಿತು.

26-8, ರವಿವಾರ

ಲಕ್ಕವ್ವ ಬಂದಳು. ಹಸಿರು ಬಳೆ, ಒಂದು ಪುಟ್ಟಿ ಎಳ್ಳಿನ ಹೋಳಿಗೆ. ಹಿಂದೆ ತಲೆ ತಗ್ಗಿಸಿಕೊಂಡು ಅನಿಲ. ಸೊಸೆ ಬಸುರಿ ಎಂದು ತಾನೇ ತೀರ್ಮಾನಿಸಿದ್ದಾಳೆ. ಈ ಸಲ ಗಂಡು, ಕನಸು ಬಿದ್ದಿದೆ ಎಂದಳು. ಬಳೆ ತೊಡಿಸಲು ಭಾಗ್ಯಾಳ ಕೈ ಎಳೆದುಕೊಂಡಳು. ಭಾಗ್ಯಾ ಮುಷ್ಟಿ ಬಿಗಿ ಹಿಡಿದಳು. ಬಳೆ ಏರಲಿಲ್ಲ.

ಪಡಸಾಲೆಯಲ್ಲಿ ವೈನಿ, ಎದುರು ಮನೆಯ ಹುಚ್ಚವ್ವ, ಎಲ್ಲರೂ ಇದ್ದರು. ಎದ್ದು ನಿಂತೆ.

“ಬೀಗತಿ, ಆಕಿಗೆ ಮೂರು ವರ್ಷ ಬಸಿರು ಬ್ಯಾಡ. ಹೊಟ್ಟಿ ಹರದು ಸಾಯ್ತಾಳ. ನೀವೂ ಕೇಳೀರಿ ಡಾಕ್ಟರ ಮಾತು. ಅದಕ್ಕ ಗುಳಿಗಿ ನುಂಗತಾಳ. ತಂದುಕೊಟ್ಟಾಂವ ನಾನು. ಇನ್ನೂ ತರತೇನಿ.”

ಹುಚ್ಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲಕ್ಕವ್ವ, ಮದುವೆಯಾಗದವನಿಗೆ ಹೆಂಗಸರ ಮಾತೇಕೆ, ನಾಚಿಕೆ ಇಲ್ಲವೇ ಎಂದಳು. ಇತ್ತು, ಅದರಿಂದಲೇ ಇಷ್ಟೆಲ್ಲ ಆಯಿತು, ಈಗ ಮುಗಿದಿದೆ ಎಂದೆ. ಸೊಸೆಯನ್ನು ಕಳ್ಳಿ ಎಂದಳು. ಪಂಚಮಿಗೆ ಭಾಗ್ಯಾ ಹೋದ ಮೇಲೆ ಶ್ಯಾವಿಗೆ ಡಬ್ಬಿಯಲ್ಲಿ ತಾನು ಗುಳಿಗೆ ಕಂಡು ಒಲೆಗೆ ಹಾಕಿದ್ದನ್ನೂ ಹೇಳಿದಳು.

ಆಗ ಅನಿಲ ತಲೆ ಎತ್ತಿದ.

“ಡಬ್ಬ್ಯಾಗ ಇಟ್ಟಾಂವ ನಾನವ್ವಾ. ಆಕಿ ಅಲ್ಲ. ನನಗ ಹೇಣ್ತಿ ಬೇಕು.”

ಲಕ್ಕವ್ವ ಒಬ್ಬಳೇ ಮೂರರ ಬಸ್ಸು ಹತ್ತಿದಳು. ಬಳೆ ಒಯ್ದಳು. ಹೋಳಿಗೆ ಬಿಟ್ಟಳು. ಮರೆತಳೋ, ಬೇಕೆಂದೇ ಬಿಟ್ಟಳೋ.

27-8, ಸೋಮವಾರ. ರಾತ್ರಿ

ಬೆಳಿಗ್ಗೆ ಆರಕ್ಕೆ ಮುದ್ದೇಬಿಹಾಳಕ್ಕೆ ಹೊರಡಲು ರುಮಾಲು ಸುತ್ತುತ್ತಿದ್ದೆ. ವೈನಿ ಹಿತ್ತಲಿನಿಂದ ಬಂದಳು. ಮೈದುನನ ಎದುರು ಎಂದೂ ಇಂಥ ಮಾತು ಆಡಿದವಳಲ್ಲ. ಕಂಬ ಹಿಡಿದು, ನನ್ನ ಮುಖವನ್ನೇ ನೋಡಿ ಹೇಳಿದಳು:

“ಮುಟ್ಟಾಗ್ಯಾಳ.”

ರುಮಾಲು ಅರ್ಧಕ್ಕೇ ಬಿಚ್ಚಿಹೋಯಿತು. ಕೊಟ್ಟಿಗೆಗೆ ಹೋಗಿ ಎಮ್ಮೆಯ ಕುತ್ತಿಗೆಗೆ ಹಣೆ ಹಚ್ಚಿ ನಿಂತೆ. ಒದೆಯಲಿಲ್ಲ.

ಆದರೂ ಹೋಗಿ ತೋರಿಸಿಕೊಂಡು ಬಂದೆವು. ಬಸಿರಿಲ್ಲ. ಐದನೆಯ ದಿನದಿಂದ ಹೊಸ ಪಾಕೀಟು.

30-8

ಬಾಗೇವಾಡಿಗೆ ಹೋದೆ. ಪೇಟೆಯ ನಡುವಿನ ದೊಡ್ಡ ಅಂಗಡಿಗೇ. ಹತ್ತು ಜನ ಇದ್ದರು. ಬಸಿರು ನಿಲ್ಲದ ಗುಳಿಗೆ, ಮೂರು ತಿಂಗಳಿಗೆ ಆಗುವಷ್ಟು ಕೊಡಿ ಎಂದೆ. ಅಂಗಡಿಯವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ.

1-9, ಶನಿವಾರ. ಸಂಜೆ

ಲಕ್ಕವ್ವ ಮಾತು ಬಿಟ್ಟಿದ್ದಾಳೆ. ಅನಿಲ ಸಿಂದಗಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡುತ್ತಿದ್ದಾನೆ. ಅಲ್ಲಿಯವರೆಗೆ ಭಾಗ್ಯಾ ಇಲ್ಲೇ.

ಗುಳಿಗೆ ಈಗ ಪಡಸಾಲೆಯ ಗೂಡಿನಲ್ಲಿ, ದೀಪದ ಪಕ್ಕದಲ್ಲಿ ಇರುತ್ತದೆ. ಎಂಟಕ್ಕೆ ನುಂಗಬೇಕು. ನಿನ್ನೆ ಎಂಟಕ್ಕೆ ಸರಿಯಾಗಿ ಕಟ್ಟೆಯ ಮೇಲೆ ನಿಂತು, ಭಾಗ್ಯಾ, ಗುಳಿಗೆ ತಗೊಂಡೆಯಾ ಎಂದು ಕೂಗಿದೆ. ಓಣಿಯ ತುದಿಯವರೆಗೆ ಕೇಳಿಸಿತು. ಇದೇನು ಹೇಸಿಗೆ ಎಂದು ಹುಚ್ಚವ್ವ ಇವತ್ತು ಜಗಳಕ್ಕೆ ಬಂದಳು. ಗಡಿಯಾರ ಇಲ್ಲದವರಿಗೆ ಅನುಕೂಲ ಎಂದೆ. ದಿನಾ ಕೂಗುತ್ತೇನೆ ಎಂದೆ. ಮೂರು ವರ್ಷ. ನನ್ನ ಗಂಟಲು ಎಂಥದು ಎಂದು ಈ ಊರಿಗೆ

ಎಂಟು ಹೊಡೆಯಿತು —