ಚರಂಡಿಯ ಪ್ರಶ್ನೆ

ಮೇಲ್ವಿಚಾರಕರಿಗೆ ನಮಸ್ಕಾರ.

ಮೆಟ್ಟಿಲು ಹತ್ತಿ ಇಳಿದು ಕಾಲು ಬಿದ್ದುಹೋಗಿದೆ. ನಗರಸಭೆಯ ಸೇವೆಗಳ ಬಗ್ಗೆ ಜನರನ್ನು ಕೇಳಿ ಅಂಕ ತುಂಬಿಸಿದ ನಮೂನೆಗಳು ಇದರೊಂದಿಗಿವೆ.

ಕೊನೆಯ ಮನೆ ನನ್ನ ಅಣ್ಣನದು. ಅಮ್ಮ ಮುಚ್ಚಳವಿಲ್ಲದ ಚರಂಡಿಗೆ ಬಿದ್ದು ತೀರಿಕೊಂಡಾಗ, ಅವಳೊಬ್ಬಳನ್ನೇ ಕಳಿಸಿದ್ದು ನನ್ನ ತಪ್ಪೆಂದು ಅವನು ಬೈದಿದ್ದ. ಆಮೇಲೆ ಆರು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಇವತ್ತು ನೀರು, ದೀಪ, ತೆರಿಗೆ ಹಣದ ಖರ್ಚು ಎಲ್ಲದಕ್ಕೂ ಅವನು "ಪರವಾಗಿಲ್ಲ" ಎಂದ. ಚರಂಡಿಯ ಪ್ರಶ್ನೆ ಬಂದಾಗ ನಾನು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಹೊರಟೆ. ಅವನೇ ಹಾಳೆಯಲ್ಲಿ ಇಣುಕಿ ಓದಿಕೊಂಡ.

"ಮುಚ್ಚಳ ಹಾಕ್ಬೇಕಾಗಿದ್ದು ನಗರಸಭೆಯವ್ರು. ಸುಮ್ನೆ ನಿನ್ನ ಬೈದೆ, ಪುಟ್ಟಿ. ಒಳಗೆ ಬಾ" ಎಂದ.

ಇದಕ್ಕೆ ಎಷ್ಟು ಅಂಕ ಹಾಕಬೇಕೋ ತಿಳಿಯದೆ ಆ ಸಾಲು ಖಾಲಿ ಬಿಟ್ಟಿದ್ದೇನೆ. ದಯವಿಟ್ಟು ನಮೂನೆ ವಾಪಸ್ ಕಳಿಸಬೇಡಿ. ನಾಳೆ ಒಂದು ದಿನ ರಜೆ ಕೊಡಿ. ಅಣ್ಣ ಊಟಕ್ಕೆ ಕರೆದಿದ್ದಾನೆ.

ಇಂತಿ,
ಮೂರನೇ ವಾರ್ಡಿನ ಸಮೀಕ್ಷೆಯವಳು