ಕುರಂದದ ಗುಂಡಿಗಳ ಮೇಲೆ ಹುಚ್ಚೆಳ್ಳು

ಅಕ್ಕಾ,

ಊರಿನವರ ಬಾಯಲ್ಲಿ ನೀನು ನನಗೆ ಸವತಿ. ಎರಡನೆಯ ಹೆಂಡತಿಯಾಗಿ ನಾನು ಬಂಡಳ್ಳಿಯ ಆ ಹೊಸ್ತಿಲು ತುಳಿದ ದಿನ ನನ್ನ ಕಣ್ಣು ಹುಡುಕಿದ್ದು ನಿನ್ನನ್ನೇ. ಎಲ್ಲಿಯೂ ಕಾಣಲಿಲ್ಲ. “ಹೊಲುದ್ ತಾವ್ಕೆ ಓಗವ್ಳೆ” ಎಂದು ಹೆಂಗಸರು ಪಿಸುಗುಟ್ಟಿದರು. ಮನೆಗೆ ಹೊಸ ಹೆಣ್ಣು ಬರುವ ಹೊತ್ತಿನಲ್ಲಿ ಹೊಲದಲ್ಲಿ ಏನು ಕೆಲಸ? ಸಂಜೆ ನೀನು ಬಂದಾಗ ಸೀರೆಯ ಅಂಚೆಲ್ಲ ಕೆಂಪು ಧೂಳು. ನಾನು ಹೆದರಿ ಎದ್ದು ನಿಂತರೆ, “ಉಂಡಾ ಅಮ್ಮಿ?” ಎಂದು ಕೇಳಿ ಒಳಗೆ ಹೋದವಳು ನೀನು. ಅದಕ್ಕೆ ಏನು ಅರ್ಥ ಮಾಡಿಕೊಳ್ಳಬೇಕೆಂದು ನನಗೆ ಎಷ್ಟೋ ದಿನ ತಿಳಿಯಲಿಲ್ಲ.

ಆ ಹೊಲದ ಕಥೆಯನ್ನು ನನಗೆ ಹೇಳಿದ್ದು ಪಕ್ಕದ ಮನೆಯ ಮುದುಕಿ, ರಾಗಿ ಬೀಸುತ್ತಾ. ಅದು ನಿನ್ನ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹೊಲವಂತೆ. ಯುದ್ಧದ ಕಾಲದಲ್ಲಿ ಕತ್ತಿ, ಕುಡುಗೋಲು ಮಸೆಯುವ ಸಾಣೆಗೆ ಹಾಕುವ ಕುರಂದದ ಕಲ್ಲಿಗೆ ಎಲ್ಲಿಲ್ಲದ ಬೇಡಿಕೆ. ಆ ಕಲ್ಲು ನಿನ್ನ ಹೊಲದ ಮೈಮೇಲೇ ಸಿಕ್ಕಿತು. ಯಜಮಾನರು ನಿನ್ನನ್ನು ಒಂದು ಮಾತೂ ಕೇಳದೆ ಕಂಟ್ರಾಕ್ಟರಿಗೆ ಅಗೆಯಲು ಕೊಟ್ಟರು. ಮೇಲಿನ ಕಲ್ಲು ಮುಗಿಯುವವರೆಗೂ ಅಗೆದರು. “ಮುಚ್ಕೊಟ್ಟೇ ಓಯ್ತೀವಿ” ಎಂದಿದ್ದವರು ಒಂದು ಬೆಳಿಗ್ಗೆ ಗುಡಿಸಲು ಕಿತ್ತುಕೊಂಡು ಹೊರಟುಹೋದರು. ಉಳಿದದ್ದು ಗುಂಡಿ, ಗುಂಡಿಯ ಪಕ್ಕಕ್ಕೊಂದು ಗುಡ್ಡೆ. ನಾನು ಈ ಮನೆಗೆ ಬಂದದ್ದೂ ಅದೇ ವರ್ಷ. ಎರಡನ್ನೂ ಒಟ್ಟಿಗೆ ನೀನು ಹೇಗೆ ತಾಳಿಕೊಂಡೆಯೋ...

ಒಂದು ಮಧ್ಯಾಹ್ನ ನಾನು ಮಜ್ಜಿಗೆ ತೆಗೆದುಕೊಂಡು ಹುಡುಕುತ್ತಾ ಬಂದೆನಲ್ಲ, ನೆನಪಿದೆಯಾ? ನೀನು ದೊಡ್ಡದೊಂದು ಗುಂಡಿಯ ತಳದಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಹೆಜ್ಜೆಯ ಸದ್ದಿಗೆ ಕಣ್ಣು ತೆರೆಯದೆಯೇ, “ಇಳ್ದು ಬಾ, ತಂಪಾಗಿ ಅದೆ” ಎಂದೆ ನೀನು. ಇಳಿದು ನಾನೂ ನಿನ್ನ ಪಕ್ಕ ಮಲಗಿದೆ. ಅಲ್ಲಿಂದ ಕಾಣುತ್ತಿದ್ದದ್ದು ದುಂಡಗಿನ ಒಂದು ಚೂರು ಆಕಾಶ, ಅದರಲ್ಲಿ ರೆಕ್ಕೆ ಬಡಿಯದೆ ತೇಲುವ ಹದ್ದು. ನೀರಿನ ತಳದಲ್ಲಿ ಮಲಗಿದ ಹಾಗೆ ಊರಿನ ಸದ್ದೆಲ್ಲ ದೂರವಾಯಿತು. ನಾನು ಯಾರ ಮಗಳು, ಯಾರ ಹೆಂಡತಿ ಎಂಬುದು ಕೂಡ. ಆಮೇಲೆ ನಿನ್ನ ದನಿ ಕೇಳಿಸಿತು: “ಮೇಲ್ನ ಮಣ್ಣು ಅಡಿಗೋಗ್ಯದೆ, ಅಡೀದು ಮೇಲ್ಕೆ ಬಂದದೆ. ಸತ್ತಿಲ್ಲ ಕಣಮ್ಮಿ, ಮಗ್ಗಲು ತಪ್ಪಿ ಮಲ್ಗ್ಯದೆ ಅಷ್ಟೆ.” ಮರುದಿನದಿಂದ ಮಣ್ಣು ಹೊರುವ ಮಕ್ಕರಿ ಹಿಡಿದು ನಾನೂ ನಿನ್ನ ಹಿಂದೆ ಹೊರಟೆ.

ಮೊದಲ ವರ್ಷದ ಮುಂಗಾರಿನಲ್ಲಿ ನಾವು ತುಂಬಿದ ಮಣ್ಣೆಲ್ಲ ಒಂದೇ ಮಳೆಗೆ ಕೊಚ್ಚಿಹೋಯಿತು. ಉಳಿದಲ್ಲಿ ಹಾಕಿದ ಹುರುಳಿ ಗೇಣುದ್ದ ಎದ್ದು ಹಳದಿಯಾಗಿ ಒಣಗಿತು. “ಬುಡಕ್ಕಾ, ಸಾಕು” ಎಂದೆ ನಾನು. ನೀನು ಬದುವಿನ ಮೇಲೆ ಕುಳಿತು ಅಳುತ್ತಿದ್ದೆ. ನೀನು ಅತ್ತದ್ದನ್ನು ನಾನು ಕಂಡದ್ದು ಆ ಒಂದು ಸಲವೇ. ಕಣ್ಣು ಒರೆಸಿಕೊಂಡು ಎದ್ದವಳೇ ಕಲ್ಲು ಆರಿಸತೊಡಗಿದೆ. ನೀರು ಹರಿದುಹೋಗುವ ಕಡೆ ಅಡ್ಡಲಾಗಿ ಕಲ್ಲು ಪೇರಿಸಿದೆವು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಗೋಡುಮಣ್ಣು ಹೊತ್ತು ತಂದೆವು. ಹೊಂಗೆ ಸೊಪ್ಪು, ತಂಗಡಿ ಸೊಪ್ಪು ಹಾಸಿ ಅದರ ಮೇಲೆ ಮಣ್ಣು. ಅಜ್ಜೀಪುರದ ಕಡೆಯಿಂದ ಬಂದ ಕುರಿಮಂದೆಯನ್ನು ನೀನು ದಾರಿಯಲ್ಲೇ ತಡೆದು, ಹೊಲದಲ್ಲಿ ತಂಗಿಸಿದೆ. ಬೆಳಿಗ್ಗೆ ಕುರಿಗಳು ಎದ್ದುಹೋದ ಜಾಗದಿಂದ ಬಿಸಿಲಿಗೆ ಹಬೆ ಏಳುತ್ತಿತ್ತು. “ನೋಡು, ಉಸ್ರಾಡ್ತಾ ಅದೆ” ಎಂದು ನೀನು ತೋರಿಸಿದರೆ, ನನಗೂ ನಿಜಕ್ಕೂ ಹಾಗೆಯೇ ಕಂಡಿತು.

ನನ್ನ ಮಗಳು ನಡೆಯಲು ಕಲಿತ ವರ್ಷ ಹುಚ್ಚೆಳ್ಳು ಹೂಬಿಟ್ಟಿತು. ಗುಂಡಿ ಯಾವುದು, ಗುಡ್ಡೆ ಯಾವುದು ಎಂದು ತಿಳಿಯದಂತೆ ನಾವು ತುಂಬಿದ ನೆಲವೆಲ್ಲ ಹಳದಿ. ಮಗು ಒಳಗೆ ನುಗ್ಗಿ ಮರೆಯಾಯಿತು. ಹೂಗಳು ಅಲ್ಲಾಡಿದ ಕಡೆ ನಾವಿಬ್ಬರೂ ಓಡಿದೆವು. ನೀನು ಎತ್ತಿಕೊಂಡಾಗ ಅವಳ ಮುಖದ ತುಂಬ ಹೂವಿನ ಪುಡಿ. “ದೊಡ್ಡವ್ವ” ಎಂದು ಅವಳು ನಿನ್ನ ಕೆನ್ನೆ ಹಿಡಿದಳು. ಆಗ ನೀನು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಹೇಗೆ ಹೇಳಲಿ?

ಅದೇ ದಿನ ಮನೆಗೆ ಮರಳುವಾಗ ದಾರಿಯಲ್ಲಿ ನಾನು ಕೇಳಿದೆ, “ಯಜಮಾನ್ರು ಒಂದಿನ್ವೂ ಈ ಕಡೆ ತಲೆ ಹಾಕ್ಲಿಲ್ಲ. ಸುತ್ತಾಕಂಡು ಓಯ್ತರೆ. ಯಾಕೆ ಅಂತ ನೀನು ಕೇಳೂಲ್ವಾ?” ನೀನು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೇಳಿದೆ: “ಅವ್ರಿಗೆ ಗೊತ್ತದೆ ಕಣಮ್ಮಿ. ಗೊತ್ತಿರೋರ್ನ ಏನ್ ಕೇಳದು?”

ಪುಷ್ಯದ ಚಳಿಯಲ್ಲಿ ಜ್ವರ ಬಂದು ನೀನು ಹೊರಟುಹೋದೆ. ಕಣದಲ್ಲಿ ಹುರುಳಿ ಇನ್ನೂ ಬಡಿಯದೆ ಬಿದ್ದಿತ್ತು. ಈಗಲೂ ಬೆಳಗಿನ ಜಾವದ ಕನಸಿನಲ್ಲಿ ಬರುತ್ತೀಯ. ಬಗ್ಗಿ ಏನನ್ನೋ ನೆಡುತ್ತಿರುತ್ತೀಯ. ನಾನು ಹತ್ತಿರ ಬಂದರೆ ಬರೀ ಹಸಿಮಣ್ಣಿನ ವಾಸನೆ...

ನೀನು ಕೇಳಿರದ ಸಂಗತಿ ಹೇಳಲೆಂದೇ ಇದನ್ನು ಬರೆಯಲು ಕುಳಿತೆ. ಹೋದ ವಾರ ಕೊಳ್ಳೇಗಾಲದಿಂದ ಹೊಸ ಕಂಟ್ರಾಕ್ಟರೊಬ್ಬ ಬಂದಿದ್ದ. ಇನ್ನಷ್ಟು ಆಳಕ್ಕೆ ಅಗೆದರೆ ಒಳ್ಳೆಯ ಕಲ್ಲಿದೆಯಂತೆ. ಯಜಮಾನರು ಜಗಲಿಯ ಮೇಲೆ ಕುಳಿತಿದ್ದರು. ನಾನು ಬಾಗಿಲ ಹಿಂದೆ ನಿಂತೆ.

“ಆ ಹೊಲ ನಂದಲ್ಲ. ನನ್ನ ಇರೀ ಹೆಂಡ್ರುದು. ಅವಳ್ನ ಕೇಳ್ಬೇಕು” ಎಂದರು.

“ಆಯಮ್ಮ ತೀರ್ಕಂಡ್ರಲ್ಲ ಯಜಮಾನ್ರೇ?”

“ಊಂ. ಅದ್ಕೇ ಕೇಳಕ್ಕಾಗಲ್ಲ. ಕೊಡಕ್ಕೂ ಆಗಲ್ಲ.”

ಮರುದಿನ ಅವರು ನನ್ನ ಜೊತೆ ಹೊಲಕ್ಕೆ ಬಂದರು ಅಕ್ಕಾ. ಬದುವಿನ ಹತ್ತಿರ ಕೆರ ಬಿಟ್ಟು, ಎಲ್ಲಿ ಕಾಲಿಡಬೇಕೋ ತಿಳಿಯದೆ ನಿಂತರು. “ಅವ್ಳು ಎಲ್ಲಿಂದ ಸುರು ಮಾಡುದ್ಲು?” ಎಂದು ಕೇಳಿದರು. ಇಳಿಜಾರಿನ ಮೂಲೆ ತೋರಿಸಿದೆ. ಪಡುವಣದ ಕಡೆ ನಮ್ಮಿಂದ ಮುಚ್ಚಲಾಗದೆ ಉಳಿದಿದ್ದ ಗುಂಡಿಗಳನ್ನೂ ತೋರಿಸಿದೆ.

ಇವತ್ತು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಗಾಡಿ ಹೂಡಿಕೊಂಡು ಗೋಡು ತರಲು ಕೆರೆಯ ಕಡೆ ಹೋಗಿದ್ದಾರೆ. ಗೋಡು ಎಲ್ಲಿ ಸುರಿಯಬೇಕೆಂದು ಅವರಿಗೇನು ಗೊತ್ತು? ಮಳೆ ಬೀಳುವುದರೊಳಗೆ ಆ ಗುಂಡಿಗಳನ್ನೂ ತುಂಬಿಸುತ್ತೇನೆ. ಗಾಡಿಯ ಸದ್ದು ಕೇಳಿಸುತ್ತಿದೆ, ಹೊರಡುತ್ತೇನೆ.

ನಿನ್ನ ಗೌರಿ